ಜಿರ್ಗಾದಲ್ಲಿ ಕೂತ ಖಾಲಿ ತೋಳಿನವನು

ಹೂಸ್ಟನ್‌ನಿಂದ ಬಂದ ಆಲ್ಬಮ್ಮಿನಲ್ಲಿ ಆ ಒಂದು ಫೋಟೋ ಮಾತ್ರ ಮಬ್ಬಾಗಿತ್ತು. ಕೋಟೆಯ ಕಲ್ಲುಗಳ ನಡುವಿನ ಗೆರೆ, ಕುದುರೆಯ ಜೀನಿನ ಹೊಲಿಗೆ, ಸೇತುವೆಯ ಮೊಳೆಗಳು, ಉಳಿದ ಫೋಟೋಗಳಲ್ಲಿ ಎಲ್ಲವೂ ಎಣಿಸುವಷ್ಟು ಸ್ಪಷ್ಟ. ಇದು ಮಾತ್ರ ಹಾಲಿನ ಕೆನೆಯ ಆಚೆಗಿನಿಂದ ನೋಡಿದ ಹಾಗೆ. ಬೋಳು ನೆಲ, ಹಿಂದೆ ಮಣ್ಣಿನ ಗೋಡೆ, ಗೋಡೆಯ ಹಿಂದೆ ಬೆಟ್ಟ. ನೆಲದ ಮೇಲೆ ಅರ್ಧಚಂದ್ರದ ಆಕಾರದಲ್ಲಿ ಕೂತ ಇಪ್ಪತ್ತಕ್ಕೂ ಹೆಚ್ಚು ಗಂಡಸರು, ಎಲ್ಲರ ತಲೆಗೂ ರುಮಾಲು. ಅವರ ಮುಂದಿನ ಖಾಲಿ ಜಾಗದಲ್ಲಿ ಒಂದು ಕಲ್ಲು. ಫೋಟೋ ಅಂಟಿಸಿದ ದಪ್ಪ ಹಾಳೆಯ ಕೆಳಗೆ ಪೆನ್ಸಿಲ್ಲಿನಲ್ಲಿ ‘ಜಿರ್ಗಾ’ ಎಂದು ಬರೆದಿತ್ತು. ಊರಿನ ಹೆಸರು ಇರಬೇಕಾದ ಮೂಲೆ ಹರಿದುಹೋಗಿತ್ತು.

ಜಿರ್ಗಾ ಎಂದರೆ ಪಶ್ತೂನರ ಹಿರಿಯರ ಸಭೆ. ನಮ್ಮ ಕಡೆ ಪಠಾಣರು ಎನ್ನುತ್ತೇವಲ್ಲ, ಅವರೇ. ಬ್ರಿಟಿಷರ ಕಾಲದಲ್ಲಿ ಅಫ್ಘಾನ್ ಗಡಿಯ ಗುಡ್ಡಗಳಲ್ಲಿ ಕೆಲಸ ಮಾಡಿದ ಯಾವನೋ ಅಧಿಕಾರಿಯ ಆಲ್ಬಮ್ ಅದು. ಹೂಸ್ಟನ್‌ನ ಒಂದು ಮ್ಯೂಸಿಯಮ್ಮಿನವರು ಅದನ್ನು ಪ್ರದರ್ಶನಕ್ಕಿಡಲು ಸಿದ್ಧತೆ ನಡೆಸಿದ್ದರು. ಆಸ್ಟಿನ್‌ನ ನಮ್ಮ ಲ್ಯಾಬಿನಲ್ಲಿ ನಾನು ಪ್ರತಿ ಹಾಳೆಯನ್ನೂ ಕ್ಯಾಮೆರಾ ಸ್ಟ್ಯಾಂಡಿನ ಕೆಳಗಿಟ್ಟು ಚಿತ್ರ ತೆಗೆದು, ಜೊತೆಗೆ ಒಂದೊಂದು ಪುಟದ ‘ಓದು’ ಬರೆಯಬೇಕಿತ್ತು. ಕಾಣುವುದೇನು, ಅದರಿಂದ ಏನು ಹೇಳಬಹುದು, ಏನು ಹೇಳಲಾಗದು. ಗೋಡೆಯ ಮೇಲಿನ ಫಲಕ ಆ ಓದಿನಿಂದ ತಯಾರಾಗುತ್ತದೆ, ಕೆಳಗೆ ಓದಿದವರ ಹೆಸರು ಬರುತ್ತದೆ. ನನ್ನ ಹೆಸರು ಹಾಗೆ ಗೋಡೆ ಹತ್ತುವುದು ಅದೇ ಮೊದಲು. ನಮ್ಮಪ್ಪ ಹುಬ್ಬಳ್ಳಿಯಲ್ಲಿ ಇಸ್ತ್ರಿ ಗಾಡಿ ಇಟ್ಟವನು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲಿಗಳು ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಗೋಡೆಯ ಮೇಲೆ ಹೆಸರು ನೋಡುವ ಆಸೆಗೂ ಸಂಕೋಚವಿರಲಿಲ್ಲ.

ಕೆಲಸ ಶುರುವಾಗುವುದು ಕತ್ತಲೆಯಿಂದ. ಕೋಣೆಯ ದೀಪ ಆರಿಸಿ, ಕಿಟಕಿಗೆ ಕಪ್ಪು ಪರದೆ ಎಳೆದು, ಎರಡು ದೀಪಗಳನ್ನು ಹಾಳೆಯ ಎರಡೂ ಬದಿಗೆ ಓರೆಯಾಗಿ ನಿಲ್ಲಿಸುತ್ತೇವೆ. ಆಮೇಲೆ ಒಂದನ್ನು ಆರಿಸಿ, ಇನ್ನೊಂದನ್ನು ಹಾಳೆಯ ಮಟ್ಟಕ್ಕೆ ಇಳಿಸಿದರೆ ಕಾಗದದ ಮೇಲಿನ ಸಣ್ಣ ಸುಕ್ಕಿಗೂ ನೆರಳು ಮೂಡುತ್ತದೆ. ಆ ಬೆಳಕಿನಲ್ಲಿ ಬೆಟ್ಟದ ಸಾಲು ನಿಜಕ್ಕೂ ಎದ್ದು ನಿಂತಂತೆ ಕಾಣುತ್ತಿತ್ತು. ಏಸಿಯ ಸದ್ದು ಗುಡ್ಡದಿಂದ ಇಳಿಯುವ ಗಾಳಿಯಾಗುತ್ತಿತ್ತು. ಹೊರಗೆ ಟೆಕ್ಸಸ್ಸಿನ ಬಿಸಿಲು ಕಾರಿನ ಬಾನೆಟ್ ಸುಡುತ್ತಿರುವಾಗ ನಾನು ಆ ರುಮಾಲುಗಳ ಸಾಲಿನ ತುದಿಯಲ್ಲಿ, ಗೋಡೆಯ ನೆರಳಿಗೆ ಕೂತಿರುತ್ತಿದ್ದೆ. ಯಾರೋ ಮಾತಾಡುತ್ತಿದ್ದರು. ಭಾಷೆ ತಿಳಿಯದಿದ್ದರೂ ಕೊನೆಗೆ ಏನಾಗುತ್ತದೆ ಎಂದು ಕಾಯುತ್ತಿದ್ದೆ. ಎಷ್ಟು ಹೊತ್ತು ಹಾಗಿರುತ್ತಿದ್ದೆನೋ. ನನ್ನ ಜೊತೆ ಕೆಲಸ ಮಾಡುವವಳು ಬಾಗಿಲು ತಟ್ಟಿ “ಇದ್ದೀಯಾ ಒಳಗೆ?” ಎಂದರೆ ಉತ್ತರಿಸಲು ಒಂದು ಕ್ಷಣ ಬೇಕಾಗುತ್ತಿತ್ತು.

“ಈ ಮಬ್ಬು ಯಾಕೆ?” ಎಂದು ಅವಳನ್ನೇ ಕೇಳಿದೆ. “ಕ್ಯಾಮೆರಾ ಅಲ್ಲಾಡಿರಬೇಕು. ಆದರೆ ಎಷ್ಟು ಚಂದ ಇದೆ, ಕನಸಿನ ಹಾಗೆ” ಎಂದಳು. ನಾನೂ ಒಪ್ಪಿ ‘ತುಸು ಅಲುಗಿದ ಚಿತ್ರ’ ಎಂದು ಬರೆದುಕೊಂಡೆ.

ನಾನು ಮೊದಲು ಹುಡುಕಿದ್ದು ಗೌಡರನ್ನು. ನಮ್ಮ ಕಡೆ ಕಟ್ಟೆಯ ಮೇಲೆ ಪಂಚಾಯ್ತಿ ಕೂತರೆ ಯಾರು ಯಾರೆಂದು ಯಾರೂ ಹೇಳಬೇಕಿಲ್ಲ. ಕಂಬಕ್ಕೆ ಒರಗಿದವರು ದೊಡ್ಡವರು, ಅಂಚಿನಲ್ಲಿ ಕುಂತವರು ಸಣ್ಣವರು, ಕೆಳಗೆ ನಿಂತವರು ನಮ್ಮಂಥವರು. ಅದೇ ಕಣ್ಣಿನಿಂದ ನೋಡಿ, ನಟ್ಟನಡುವೆ ಕೂತ ಬಿಳಿಗಡ್ಡದ ದಪ್ಪ ಮನುಷ್ಯನನ್ನು ‘ಮುಖ್ಯಸ್ಥ’ ಎಂದು ಗುರುತಿಸಿದೆ. ಬಲು ಸುಲಭವಾಯಿತಲ್ಲ ಎನ್ನಿಸಿತು.

ಆ ವಾರವೇ ಹೂಸ್ಟನ್‌ನ ಕ್ಯುರೇಟರ್ ಫೋನ್ ಮಾಡಿದ. ಪ್ರದರ್ಶನದ ಹೊಣೆಯೆಲ್ಲ ಅವನದು, ಸದಾ ಅವಸರದ ಮನುಷ್ಯ. “ನಂಬೋದಿಲ್ಲ ನೀನು! ಪ್ಲೇನೋದಲ್ಲಿ ಒಬ್ಬ ಪಶ್ತೂನ್ ಡೆಂಟಿಸ್ಟ್ ಇದ್ದಾರೆ. ಆ ಫೋಟೋ ಬಗ್ಗೆ ಕೇಳಿ ನಾನು ಕಳಿಸಿದ್ದ ಮೇಲ್ ಅವರಿಗೆ ತಲುಪಿದೆ. ಅವರ ತಂದೆಯ ಅಜ್ಜ ಒಂದು ದೊಡ್ಡ ಜಗಳ ಮುಗಿಸಿದ ಜಿರ್ಗಾದಲ್ಲಿ ಕೂತಿದ್ದರಂತೆ. ಅವತ್ತು ಯಾವನೋ ಇಂಗ್ಲಿಷಿನವನು ಫೋಟೋ ಹಿಡಿದಿದ್ದನಂತೆ. ಹೋಗಿ ಮಾತಾಡ್ತೀಯಾ?”

“ಅವರಿಗೇ ಫೋಟೋ ಕಳಿಸಬಹುದಲ್ಲ?”

“ತಂದೆಗೆ ಕಣ್ಣು ಕಾಣಲ್ಲ. ಯಾರಾದ್ರೂ ಓದಿ ಹೇಳ್ಬೇಕು. ನಿನಗೆ ಹಿಂದಿ ಬರುತ್ತಲ್ಲ?”

ಹೀಗೆ ನಾನು ಒಂದು ಶನಿವಾರ ಆಸ್ಟಿನ್‌ನಿಂದ ಪ್ಲೇನೋಗೆ ಡ್ರೈವ್ ಮಾಡಿದೆ. ವೇಕೋ ದಾಟಿದ ಮೇಲೆ ರಸ್ತೆಯ ಮೇಲೆ ಬಿಸಿಲ್ಗುದುರೆ ಕುಣಿಯುತ್ತಿತ್ತು. ದೂರದ ಟ್ರಕ್ಕುಗಳು ನೀರಿನಲ್ಲಿ ನಿಂತ ಒಂಟೆಗಳ ಹಾಗೆ ಕಂಡು, ಹತ್ತಿರ ಬಂದೊಡನೆ ಟ್ರಕ್ಕುಗಳಾಗುತ್ತಿದ್ದವು.

ಮನೆ ಅಲ್ಲಿನ ಎಲ್ಲ ಮನೆಗಳ ಹಾಗೆಯೇ ಇತ್ತು, ಎರಡು ಗ್ಯಾರೇಜು, ಒಂದು ಎಳೆಯ ಓಕ್ ಮರ. ಡೆಂಟಿಸ್ಟ್ ಬಾಗಿಲು ತೆರೆದರು. ನಡುವಯಸ್ಸಿನ ಹೆಂಗಸು, ನಗುಮುಖ. “ಜಿರ್ಗಾ ಬಗ್ಗೆ ನನ್ನನ್ನು ಏನೂ ಕೇಳಬೇಡಿ. ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿಲ್ಲ. ಚಹಾದ ತಟ್ಟೆ ಹೊರಗೆ ಹೋಗೋದು, ಖಾಲಿಯಾಗಿ ಒಳಗೆ ಬರೋದು, ನಾನು ನೋಡಿದ್ದು ಅಷ್ಟೇ” ಎಂದರು.

ಅವರ ತಂದೆ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಎತ್ತರದ ಆಳು. ಕಣ್ಣು ಕಾಣದಿದ್ದರೂ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಅವರದು ಉರ್ದು, ನನ್ನದು ಹುಬ್ಬಳ್ಳಿಯ ಹಿಂದಿ. ನಾನು ಎರಡು ವಾಕ್ಯ ಆಡುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

“ಬೇಟಿ, ನಿನ್ನ ಉರ್ದುಗೆ ಯಾರು ಇಷ್ಟು ಖಾರದ ಪುಡಿ ಹಾಕಿದ್ದು?”

“ನಮ್ಮೂರೇ ಹಾಗೆ ಸಾಬ್. ಅಲ್ಲಿ ಎಲ್ಲಕ್ಕೂ ಖಾರ.”

“ಒಳ್ಳೇದು. ಸಪ್ಪೆ ಮಾತು ಈ ದೇಶದಲ್ಲಿ ಬೇಕಾದಷ್ಟು ಸಿಗುತ್ತೆ. ಸರಿ, ಓದು. ಮೊದಲು ನೆಲ ಹೇಳು, ಆಮೇಲೆ ಜನ.”

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದು ಚಿತ್ರವನ್ನು ದೊಡ್ಡದು ಮಾಡಿಕೊಂಡು, ಎಡದ ಅಂಚಿನಿಂದ ಶುರುಮಾಡಿದೆ. ನೆಲ ಗಟ್ಟಿ, ಹುಲ್ಲಿಲ್ಲ. ಗೋಡೆ ಆಳೆತ್ತರ, ಒಂದು ಕಡೆ ಕುಸಿದಿದೆ. ನೆರಳು ಚಿಕ್ಕದು. ಅವರು ಕಣ್ಣು ಮುಚ್ಚಿ ಕೇಳಿದರು. ನಡುನಡುವೆ ಪ್ರಶ್ನೆ. ಬಂದೂಕು ತೊಡೆಯ ಮೇಲಿದೆಯೋ ಹಿಂದಿದೆಯೋ? ಚಪ್ಪಲಿ ಎಲ್ಲಿ ಬಿಟ್ಟಿದ್ದಾರೆ? ಬೆನ್ನು ತೋರಿಸಿ ಕೂತವರು ಯಾರಾದರೂ ಇದ್ದಾರೋ? ನಾನು ಅಷ್ಟು ದಿನ ನೋಡಿದ್ದ ಚಿತ್ರದಲ್ಲಿ ಹೊಸ ಹೊಸ ವಸ್ತುಗಳು ಒಂದೊಂದಾಗಿ ಎದ್ದುಬರತೊಡಗಿದವು. ಬಂದೂಕುಗಳು ಹಿಂದೆ, ಗೋಡೆಯ ಬುಡದಲ್ಲಿ ಮಲಗಿದ್ದವು. ಒಂದು ಮಾತ್ರ ಗೋಡೆಗೆ ಒರಗಿ ನಿಂತಿತ್ತು.

“ನಡುವೆ ಇವರ ಮುಖ್ಯಸ್ಥ” ಎಂದೆ.

“ಯಾರು?”

“ಮುಖ್ಯಸ್ಥ. ದೊಡ್ಡವನು.”

ಅವರು ಬಾಯ್ತುಂಬ ನಕ್ಕರು. “ಮಗಳೇ ಕೇಳಿದೆಯಾ, ಇವಳು ಜಿರ್ಗಾಗೆ ರಾಜನನ್ನು ಕೂರಿಸಿದ್ದಾಳೆ! ಬೇಟಿ, ದುಂಡಗೆ ಕೂರೋದು ಯಾಕೆ? ಮೇಲೆ ಕೆಳಗೆ ಇರಬಾರದು ಅಂತ. ಅದು ಪೂರ್ತಿ ಬಳೆ ಇದ್ದಿರಬೇಕು. ಫೋಟೋದವನು ಅರ್ಧ ಜನರನ್ನು ಎಬ್ಬಿಸಿ ಆಚೆ ನಿಲ್ಲಿಸಿದ್ದಾನೆ. ಅವನ ಡಬ್ಬಿ ಇಟ್ಟ ಕಡೆ ನಡು ಅನ್ನೋದು ಹುಟ್ಟಿಕೊಂಡಿದೆ, ಅಷ್ಟೇ.”

ನನ್ನ ಗೌಡರು ಅಲ್ಲಿಗೆ ಮುಗಿದರು. ಅದನ್ನು ಹೊಡೆದುಹಾಕಿ ಮುಂದಿನದು ಓದಿದೆ. ಮಧ್ಯದಲ್ಲಿ ಕಲ್ಲು ಎಂದಾಗ ಅವರು ನೆಟ್ಟಗೆ ಕೂತರು. ಜಗಳವಾಡುವ ಎರಡು ಮನೆಗಳವರು ಕೈ ತಡೆಯುತ್ತೇವೆ ಎಂದು ಒಪ್ಪಿದರೆ ಗುರುತಿಗೆ ಕಲ್ಲು ಇಡುತ್ತಾರಂತೆ. ಕಲ್ಲು ಇಟ್ಟ ಮೇಲೆ ಬಂದೂಕು ಎತ್ತುವ ಹಾಗಿಲ್ಲ.

“ಕೂತವರಲ್ಲಿ...” ಅವರ ದನಿ ಸಣ್ಣದಾಯಿತು. “ಕೈ ಇಲ್ಲದವನು ಯಾರಾದರೂ ಇದ್ದಾನೋ?”

ಇದ್ದ. ಬಲ ತುದಿಯಿಂದ ಐದನೆಯವನು. ತೆಳ್ಳಗಿನ ಮುಖ, ಒಂದು ತೋಳು ಖಾಲಿಯಾಗಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿದೆ. ಇರುವ ಕೈಯಲ್ಲಿ ಒಂದು ಬಟ್ಟಲು. ಅವನನ್ನು ಮೊದಲ ದಿನವೇ ನೋಡಿದ್ದೆ. ಅವನನ್ನು ನೋಡಿದ ಮೇಲೆ ಬೇರೆಯವರತ್ತ ಕಣ್ಣು ಹೋಗುವುದೇ ಕಷ್ಟ.

“ಯಾವ ತೋಳು?”

“ಎಡ. ನಮ್ಮ ಎಡ ಅಲ್ಲ ಸಾಬ್, ಅವನದೇ ಎಡ.”

ಮುದುಕರು ಮುಖ ಮುಚ್ಚಿಕೊಂಡರು. ಮಗಳು ಓಡಿಬಂದು ಭುಜ ಹಿಡಿದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು. ಅವರ ಅಜ್ಜನಿಗೆ ಗುಂಡು ತಗುಲಿ ಎಡಗೈ ಹೋಗಿತ್ತು. ಜಗಳದಲ್ಲಿ ಕೈ ಕಳೆದುಕೊಂಡವನೇ ಜಗಳ ಮುಗಿಸುವ ಕಲ್ಲು ಇಡಲು ಹೋದ. “ರೊಟ್ಟಿ ಮುರಿಯುವ ಕೈಯನ್ನು ದೇವರು ಬಿಟ್ಟ ಅಂತ ನನ್ನ ಅಜ್ಜಿ ಹೇಳ್ತಿದ್ದಳು. ಅಜ್ಜನ ಮುಖ ನಾನು ನೋಡಿಲ್ಲ. ಊರಲ್ಲಿ ಈಗ ನಮ್ಮವರು ಯಾರೂ ಇಲ್ಲ, ಗೋರಿ ಎಲ್ಲಿದೆ ಅಂತ ತೋರಿಸುವವರೂ ಇಲ್ಲ. ಬೇಟಿ, ಗೋಡೆ ಮೇಲೆ ಅವನ ಹೆಸರು ಬರೆಸು. ನನಗೆ ಬೇರೇನೂ ಬೇಡ. ನನ್ನ ಮೊಮ್ಮಕ್ಕಳು ಹೋಗಿ ಓದಲಿ.”

ಬರೆಸುತ್ತೇನೆ ಎಂದೆ. ಯಾಕೆ ಅನ್ನಬಾರದು? ನನ್ನ ಅಜ್ಜನದೂ ಒಂದು ಫೋಟೋ ಇಲ್ಲ. ಯಾರಾದರೂ ಒಂದು ಮಬ್ಬು ಚಿತ್ರ ತೋರಿಸಿ ಇವನೇ ಎಂದಿದ್ದರೆ ನಾನೂ ಮುಖ ಮುಚ್ಚಿಕೊಂಡು ಅಳುತ್ತಿದ್ದೆ.

ಕ್ಯುರೇಟರ್ ಕುಣಿದಾಡಿದ. ಫಲಕದ ಕರಡು ಬಂತು, ಅಜ್ಜನ ಹೆಸರು ದೊಡ್ಡ ಅಕ್ಷರದಲ್ಲಿ, ಮೊಮ್ಮಗ ಡಲ್ಲಾಸ್ ಪಕ್ಕದಲ್ಲೇ ಇದ್ದಾರೆ ಎನ್ನುವ ಸಾಲಿನ ಸಹಿತ. ಕೆಳಗೆ ನನ್ನ ಹೆಸರು. ಆ ಬೇಸಿಗೆಯಲ್ಲಿ ನಾನು ಎರಡು ಮೂರು ಸಲ ಪ್ಲೇನೋಗೆ ಹೋಗಿ ಅದೇ ಫೋಟೋವನ್ನು ಅದೇ ಮುದುಕರಿಗೆ ಓದಿದೆ. ಅವರಿಗೆ ಪ್ರತಿ ಸಲವೂ ಬೇಕು. ಗೋಡೆ ಕುಸಿದ ಕಡೆ ಬಂದಾಗ “ಅಲ್ಲಿಂದ ಆಡುಗಳು ಹತ್ತಿ ಇಳಿದಿರಬೇಕು” ಎನ್ನುವರು. ಖಾಲಿ ತೋಳಿನವನ ಹತ್ತಿರ ಬಂದರೆ ಸುಮ್ಮನಾಗುವರು. ವಾಪಸಾಗುವಾಗ ಫ್ರೀವೇ ಉದ್ದಕ್ಕೂ ನನಗೆ ಆ ಕಥೆಯಲ್ಲಿ ಕಲ್ಲು ಎತ್ತಿಡುವ ಕೈ ಕಾಣುತ್ತಿತ್ತು.

ಆಗಸ್ಟಿನಲ್ಲಿ ಫ್ರಿಸ್ಕೋದ ಆಂಟಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಆಂಟಿ ಮೈಸೂರಿನವರು. ನಾನು ಓದಲು ಬಂದ ಹೊಸತರಲ್ಲಿ ತಿಂಗಳುಗಟ್ಟಲೆ ಊಟ ಹಾಕಿದವರು, ಕರೆದರೆ ತಪ್ಪಿಸುವ ಹಾಗಿಲ್ಲ. ತೀರ್ಥ ಕೊಡುವಾಗ ಸಾಲಿನಲ್ಲಿ ಒಬ್ಬರು ಎಡಗೈ ಚಾಚಿದರು. ಲಾಸ್ ಕೊಲಿನಾಸ್‌ನಲ್ಲಿ ಕೆಲಸ ಮಾಡುವ ಒಬ್ಬ ಅಂಕಲ್.

“ಏನ್ರೀ ಇದು, ಎಡಗೈ ಚಾಚ್ತಾ ಇದೀರಾ!” ಆಂಟಿ ಉದ್ಧರಣೆ ಹಿಂದಕ್ಕೆಳೆದುಕೊಂಡರು.

“ಬಲಗೈ ಸ್ಲಿಂಗ್‌ನಲ್ಲಿದೆ ಆಂಟಿ, ನೋಡಿ. ಪಿಕಲ್‌ಬಾಲ್ ಆಡೋಕ್ಕೆ ಹೋಗಿ ಬಿದ್ದೆ.”

“ಈ ವಯಸ್ಸಲ್ಲಿ ಉಪ್ಪಿನಕಾಯಿ ಹೆಸರಿನ ಆಟ ಯಾಕ್ರೀ ಬೇಕಿತ್ತು? ಹೆಂಡ್ತಿ ಎಲ್ಲಿ, ಅವಳ ಕೈಗೆ ಹಾಕ್ತೀನಿ, ಕುಡಿಸ್ತಾಳೆ.”

“ಅವಳು ಕುಡಿಸಲ್ಲ ಆಂಟಿ, ಅವಳೇ ಕುಡಿದುಬಿಡ್ತಾಳೆ” ಎಂದು ಹಿಂದಿನಿಂದ ಯಾರೋ ಎಂದರು. ಎಲ್ಲರೂ ನಕ್ಕರು.

ಊಟದ ಕೊನೆಗೆ ಪಾಯಸ. ಸೋಫಾ ಸಾಲದೆ ಗಂಡಸರು ಕಾರ್ಪೆಟ್ ಮೇಲೆ ಗೋಡೆಯುದ್ದಕ್ಕೂ ಬಾಗಿ ಕೂತಿದ್ದರು. ಎಲ್ಲರ ಕೈಯಲ್ಲೂ ಪೇಪರ್ ಕಪ್ಪು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊಟ್ಟೆ ತುಂಬಿದ ಮಂಪರಿನಲ್ಲಿ ಸುಮ್ಮನೆ ನೋಡುತ್ತಿದ್ದೆ. ಎಲ್ಲರ ಕಪ್ಪೂ ಬಲಗೈಯಲ್ಲಿ. ಸ್ಲಿಂಗ್ ಹಾಕಿಕೊಂಡವರದು ಮಾತ್ರ ಎಡಗೈಯಲ್ಲಿ.

ಇದನ್ನು ನಾನು ಎಲ್ಲೋ ನೋಡಿದ್ದೇನೆ ಎನ್ನಿಸಿತು. ನೋಡಿದ್ದೆ, ಆದರೆ ತಿರುವುಮುರುವಾಗಿ.

ಆ ಫೋಟೋದಲ್ಲಿ ಖಾಲಿ ತೋಳಿನವನಲ್ಲದೆ ಇನ್ನೂ ಮೂವರ ಕೈಯಲ್ಲಿ ಬಟ್ಟಲಿತ್ತು. ಆ ಮೂವರಿಗೂ ಎರಡೂ ಕೈ ನೆಟ್ಟಗಿದ್ದವು. ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಮೂವರೂ ಬಟ್ಟಲು ಹಿಡಿದದ್ದು ಎಡಗೈಯಲ್ಲಿ. ಬಲಗೈಯಲ್ಲಿ ಹಿಡಿದವನು ಅವನೊಬ್ಬನೇ. ಎಲ್ಲರೂ ಅವನನ್ನೇ ನೋಡುತ್ತಿದ್ದೆವು, ಅವನ ಕೈ ಸರಿಯಾಗಿತ್ತು, ಹಾಗಾಗಿ ಯಾವ ಅನುಮಾನವೂ ಬರಲಿಲ್ಲ. ಒಬ್ಬ ಎಡಚನಿರಬಹುದು. ಸಭೆಯಲ್ಲಿ, ಹಿರಿಯರ ಎದುರು, ಮೂವರು? ನಮ್ಮಲ್ಲಿ ಹೇಗೋ ಅವರಲ್ಲೂ ಹಾಗೇ. ಎಡಗೈಗೆ ಬೇರೆ ಕೆಲಸ.

“ಯಾಕೇ, ಪಾಯಸ ಸೀ ಜಾಸ್ತಿ ಆಯ್ತಾ?” ಎಂದು ಆಂಟಿ ಕೇಳಿದರು.

ಸೋಮವಾರ ಲ್ಯಾಬಿನ ಬಾಗಿಲು ತೆರೆದವಳು ನಾನೇ. ಗೋಡೆಗೆ ಒರಗಿದ ಆ ಒಂದೇ ಬಂದೂಕನ್ನು ಪರದೆಯ ತುಂಬ ದೊಡ್ಡದು ಮಾಡಿದೆ. ಹಳೆಯ ಬಂದೂಕುಗಳಲ್ಲಿ ಕಿಡಿ ಹಾರಿಸುವ ಕೀಲು ಬಲಮಗ್ಗುಲಲ್ಲಿ ಇರುತ್ತದೆ. ಅದೇ ಆಲ್ಬಮ್ಮಿನ ಬೇರೆ ಹಾಳೆಗಳಲ್ಲಿ ಅಂಥ ಬಂದೂಕು ಹಿಡಿದವರನ್ನು ಹುಡುಕಿ ಪಕ್ಕಪಕ್ಕ ಇಟ್ಟೆ. ಎಲ್ಲದರಲ್ಲೂ ಬಲಕ್ಕೆ. ನನ್ನ ಫೋಟೋದಲ್ಲಿ ಎಡಕ್ಕೆ.

ಆ ಕಾಲದ ನೆಗೆಟಿವ್ ಎಂದರೆ ಗಾಜಿನ ಹಲಗೆ. ಒಂದು ಮುಖಕ್ಕೆ ಬೆಳಕು ಹಿಡಿಯುವ ಪದರ ಬಳಿದಿರುತ್ತದೆ, ಇನ್ನೊಂದು ಮುಖ ಬರಿಯ ಗಾಜು. ಅಚ್ಚು ಹಾಕುವಾಗ ಪದರದ ಮುಖ ಕಾಗದಕ್ಕೆ ತಾಗಬೇಕು. ಮರೆತು ತಿರುಗಿಸಿ ಇಟ್ಟರೆ ಎರಡು ಆಗುತ್ತವೆ. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಮತ್ತು ಚಿತ್ರಕ್ಕೂ ಕಾಗದಕ್ಕೂ ನಡುವೆ ಗಾಜಿನ ದಪ್ಪ ಸಿಕ್ಕಿಕೊಂಡು ಎಲ್ಲವೂ ತುಸು ಮಬ್ಬಾಗುತ್ತದೆ. ಅಂದರೆ ಯಾವ ಕ್ಯಾಮೆರಾವೂ ಅಲ್ಲಾಡಿರಲಿಲ್ಲ. ನಾನು ಅಷ್ಟು ದಿನ ಮೈಮರೆತು ಕೂತದ್ದು ಒಂದು ಗಾಜಿನ ದಪ್ಪದೊಳಗೆ.

ಕಂಪ್ಯೂಟರಿನಲ್ಲಿ ಚಿತ್ರವನ್ನು ಮಗುಚಿದೆ. ಒಂದೇ ಒತ್ತು. ಇಡೀ ಸಭೆ ಸದ್ದಿಲ್ಲದೆ ಎದ್ದು ಜಾಗ ಬದಲಿಸಿ ಕೂತಂತಾಯಿತು. ಕುಸಿದ ಗೋಡೆ ಈ ಕಡೆಗೆ ಬಂತು. ಮೂವರ ಬಟ್ಟಲು ಬಲಗೈಗೆ ಬಂತು. ಖಾಲಿ ತೋಳಿನವನು ಎಡ ತುದಿಯಿಂದ ಐದನೆಯವನಾದ. ಅವನ ಬಲಗೈ ಇರಲಿಲ್ಲ.

ಮುದುಕರ ಅಜ್ಜನಿಗೆ ಉಳಿದದ್ದು ಬಲಗೈ. ಇವನು ಅವರಲ್ಲ.

ಕ್ಯುರೇಟರ್‌ಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. “ಫಲಕಗಳು ಈ ವಾರವೇ ಪ್ರಿಂಟಿಗೆ ಹೋಗ್ತಿವೆ” ಎಂದ. ಆಮೇಲೆ, “ಎಡ ಅನ್ನೋ ಪದ ತೆಗೆದುಬಿಡೋಣ. ಒಂದು ಕೈ ಇಲ್ಲದವನು ಅಂತ ಮಾತ್ರ ಹಾಕೋಣ. ಕುಟುಂಬದವರು ಹೀಗೆ ಹೇಳ್ತಾರೆ ಅಂತ ಸೇರಿಸೋಣ. ಸುಳ್ಳೇನೂ ಅಲ್ಲವಲ್ಲ?”

“ಫೋಟೋ ತಿರುವಾಗಿದೆ ಅಂತ ಗೊತ್ತಿದ್ದೂ?”

“ಯಾರು ಬಂದೂಕಿನ ಕೀಲು ನೋಡ್ತಾರೆ? ನೋಡು, ಆ ಹಿರಿಯರಿಗೋಸ್ಕರ ಹೇಳ್ತಿದ್ದೀನಿ.”

ಅವನು ಕೆಟ್ಟ ಮನುಷ್ಯನಲ್ಲ, ಅವನ ಮಾತು ನನ್ನ ಮನಸ್ಸಿನಲ್ಲೂ ಇತ್ತು. ಒಂದು ದಿನ ಸಮಯ ಕೇಳಿದೆ. ಆ ದಿನವೆಲ್ಲ ಮಗುಚಿದ ಚಿತ್ರದ ಮುಂದೆ ಕೂತಿದ್ದೆ. ಅಪ್ಪನ ಗಾಡಿಯಲ್ಲಿ ಕೆಲವೊಮ್ಮೆ ಒಬ್ಬರ ಅಂಗಿ ಇನ್ನೊಬ್ಬರ ಗಂಟಿಗೆ ಹೋಗಿಬಿಡುತ್ತಿತ್ತು. ತಗೊಂಡವರಿಗೆ ಅದು ಚೆನ್ನಾಗಿ ಒಪ್ಪಿದರೂ, ಕಳಕೊಂಡವರು ಕೇಳದಿದ್ದರೂ ಅಪ್ಪ ಸೈಕಲ್ ಹತ್ತಿ ಹೋಗಿ ಇಸಿದುಕೊಂಡು ಬರುತ್ತಿದ್ದ. “ಅಂಗಿ ಯಾರ್ದೈತಿ ಅವ್ರಿಗೇ ಹೋಗ್ಬೇಕ್ ನೋಡವಾ” ಎನ್ನುತ್ತಿದ್ದ, ಅಷ್ಟೇ. ಪರದೆಯ ಮೇಲಿನ ತೆಳ್ಳಗಿನ ಮುಖದವನನ್ನು ನೋಡಿದೆ. ಅವನ ಮೇಲೆ ಬೇರೆಯವನ ಹೆಸರು ಅಂಟಿಸಿದರೆ ಆ ಹೆಸರೇ ಮುಂದೆ ಪುಸ್ತಕಗಳಿಗೆ ಹೋಗುತ್ತದೆ. ಇವನನ್ನು ಹುಡುಕುವವರು ಯಾರಾದರೂ ಎಂದಾದರೂ ಬಂದರೆ, ಆ ಹೊತ್ತಿಗೆ ಇವನು ಇನ್ನೊಬ್ಬರ ಅಜ್ಜನಾಗಿಬಿಟ್ಟಿರುತ್ತಾನೆ.

ಹೆಸರು ತೆಗೆಯಿರಿ, ಚಿತ್ರ ತಿರುಗಿಸಿ ಹಾಕಿ, ಇಲ್ಲವಾದರೆ ನನ್ನ ಹೆಸರನ್ನೂ ತೆಗೆಯಿರಿ ಎಂದು ಬರೆದು ಕಳಿಸಿದೆ. ಕಾಂಟ್ರಾಕ್ಟ್ ಕೆಲಸದವಳು ನಾನು, ಹಾಗೆಲ್ಲ ಷರತ್ತು ಹಾಕುವ ಜಾಗದಲ್ಲಿರಲಿಲ್ಲ. ಆ ಸಂಜೆ ಅವನಿಂದ ಒಂದೇ ಸಾಲು ಬಂತು. “ಸರಿ. ಆದರೆ ಅವರಿಗೆ ನೀನೇ ಹೇಳಬೇಕು.”

ಪ್ಲೇನೋದಲ್ಲಿ ಡೆಂಟಿಸ್ಟ್ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿಕೊಂಡರು. ಫೋನಿನಲ್ಲಿ ವಿಷಯ ಹೇಳಿದ್ದೆ. “ಅಪ್ಪ ಈಗ ಸರಿಯಾಗಿ ಊಟ ಮಾಡ್ತಿದ್ದಾರೆ. ಮಕ್ಕಳನ್ನ ಕೂರಿಸ್ಕೊಂಡು ಊರಿನ ಕಥೆ ಹೇಳ್ತಾರೆ. ಒಂದು ತೋಳಿಗೋಸ್ಕರ ಇದನ್ನ ಕಿತ್ಕೊಳ್ಳಲೇಬೇಕಾ?”

“ನೀವು ಬೇಡ ಅಂದರೆ ನಾನು ಇಲ್ಲಿಂದಲೇ ವಾಪಸು ಹೋಗ್ತೀನಿ. ಆದರೆ ಗೋಡೆ ಮೇಲೆ ಆ ಹೆಸರು ಇರಲ್ಲ. ಅವರು ಅಲ್ಲಿಗೆ ಬಂದು ತಿಳಿಯೋದು ಬೇಡ.”

ಅವರು ಬಾಗಿಲಿನಿಂದ ಸರಿದರು.

ಮುದುಕರು ಎಂದಿನಂತೆ “ನೆಲದಿಂದ ಶುರುಮಾಡು” ಎಂದರು. ನಾನು ಓದಲಿಲ್ಲ, ನೇರವಾಗಿ ಹೇಳಿದೆ. ಬಟ್ಟಲು, ಬಂದೂಕು, ಗಾಜು, ಎಲ್ಲವನ್ನೂ. ಅವರು ಎಂಜಿನಿಯರ್, ಗಾಜಿನ ವಿಷಯ ಎರಡನೆಯ ಸಲ ಹೇಳಬೇಕಾಗಲಿಲ್ಲ. ಅವರ ಮುಖದ ಮೇಲಿನ ಬೆಳಕು ಇಳಿಯುವುದನ್ನು ನೋಡುತ್ತ ಕೂತೆ.

“ಹೆಂಗಸರು ಹೇಳಿದ ಕಥೆ ಅದು” ಎಂದರು ಕೊನೆಗೆ. “ಎದುರಿಗೆ ನಿಂತು ನೋಡಿದವರಿಗೆ ಎಡ ಬಲ ಅದಲುಬದಲಾಗಿರಬಹುದಲ್ಲ?”

ಹೌದು ಎನ್ನಬಹುದಿತ್ತು. ಅವರೇ ಬಾಗಿಲು ತೆರೆದುಕೊಟ್ಟಿದ್ದರು. ಮಗಳು ನನ್ನನ್ನೇ ನೋಡುತ್ತಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಮುದುಕರು ತಲೆ ಅಲ್ಲಾಡಿಸಿದರು. “ಇಲ್ಲ. ರೊಟ್ಟಿಯ ಕೈ ಉಳೀತು ಅಂತಲೇ ಅಜ್ಜಿ ಹೇಳ್ತಿದ್ದಳು. ಅವಳು ಅವನ ಎದುರಿಗೆ ನಿಂತು ನೋಡಿದವಳಲ್ಲ, ದಿನಾ ಬಡಿಸಿದವಳು.”

ಹೊರಗೆ ಯಾರೋ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿದರು. ನಾನು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಲ್ಯಾಪ್‌ಟಾಪಿನ ಮುಚ್ಚಳ ಹಿಡಿದಿದ್ದೆ.

“ಬೇಟಿ.”

“ಸಾಬ್.”

“ಹಾಗಾದರೆ ಇವನ ಬಲಗೈ ಇಲ್ಲ. ಎಡಗೈಯಲ್ಲಿ ಬಟ್ಟಲು ಹಿಡಿದಿದ್ದಾನೆ. ಅಷ್ಟು ಜನರ ಮಧ್ಯೆ.”

“ಹೌದು.”

“ಪಕ್ಕದವರು ದೂರ ಸರಿದು ಕೂತಿದ್ದಾರೋ?”

ತೆರೆದು ನೋಡಿದೆ. ಅಷ್ಟು ತಿಂಗಳು ನೋಡಿದ್ದರೂ ಅದನ್ನು ನೋಡಿರಲಿಲ್ಲ. “ಇಲ್ಲ ಸಾಬ್. ಈ ಕಡೆಯವನ ಮೊಣಕಾಲು ಇವನ ಮೊಣಕಾಲಿಗೆ ತಾಗಿದೆ. ಆ ಕಡೆಯವನು ಇವನ ಖಾಲಿ ತೋಳಿನ ಕಡೆ ಒರಗಿದ್ದಾನೆ. ಭುಜ ಭುಜಕ್ಕೆ ತಗುಲಿದೆ.”

“ಅವನ ಹೆಸರು?”

“ಗೊತ್ತಿಲ್ಲ. ಊರೂ ಗೊತ್ತಿಲ್ಲ, ಆ ಮೂಲೆ ಹರಿದುಹೋಗಿದೆ.”

ಅವರು ನನ್ನ ಕಡೆ ಮುಖ ತಿರುಗಿಸಿದರು. ಆಮೇಲೆ, “ನೀನು ಕಂಡದ್ದನ್ನು ಬರೆ” ಎಂದರು. “ಈಗ ಹೇಳಿದೆಯಲ್ಲ, ಅಷ್ಟನ್ನೂ ಬರೆ.”

ಬರೆದೆ. ಫಲಕದಲ್ಲಿ ಈಗ ಹೀಗಿದೆ. ಇದು ಜಿರ್ಗಾ. ನಡುವಿನ ಕಲ್ಲು ಜಗಳ ನಿಂತ ಗುರುತಾಗಿರಬಹುದು. ಮೂಲ ಅಚ್ಚು ತಿರುವಾಗಿದೆ, ಇಲ್ಲಿ ಸರಿಪಡಿಸಿ ತೋರಿಸಿದೆ. ಎಡದಿಂದ ಐದನೆಯವರಿಗೆ ಬಲಗೈ ಇಲ್ಲ. ಅವರು ಎಡಗೈಯಲ್ಲಿ ಬಟ್ಟಲು ಹಿಡಿದಿದ್ದಾರೆ. ಇಬ್ಬರು ಅವರಿಗೆ ತಾಗಿಕೊಂಡು ಕೂತಿದ್ದಾರೆ. ಯಾರ ಹೆಸರೂ ತಿಳಿದಿಲ್ಲ.

ಅಕ್ಟೋಬರಿನಲ್ಲಿ ಪ್ರದರ್ಶನ ಶುರುವಾಯಿತು. ಮುದುಕರನ್ನು ಕರೆಯುವ ಧೈರ್ಯ ನನಗಾಗಲಿ ಕ್ಯುರೇಟರ್‌ಗಾಗಲಿ ಇರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ನಾನು ಹೂಸ್ಟನ್‌ಗೆ ಹೋಗಿ ಆ ಹಾಲಿಗೆ ಕಾಲಿಟ್ಟಾಗ ಅವರು ಅಲ್ಲಿದ್ದರು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಮೇಲೊಂದು ಕಪ್ಪು ವೇಸ್ಟ್‌ಕೋಟು. ಚಿತ್ರದ ಎದುರಿನ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದರು. ಮಗಳು ತಗ್ಗಿದ ದನಿಯಲ್ಲಿ ಫಲಕ ಓದುತ್ತಿದ್ದರು. ನಾನು ಹಿಂದೆಯೇ ನಿಂತೆ.

ಅವರು ಅಷ್ಟು ಹೊತ್ತು ಕೂತದ್ದನ್ನು ನೋಡಿ ಒಬ್ಬ ಬಿಳಿಯ ಹೆಂಗಸು ಹತ್ತಿರ ಬಂದು ಮೃದುವಾಗಿ ಕೇಳಿದಳು, “ಇವರಲ್ಲಿ ಯಾರಾದರೂ ನಿಮ್ಮ ಸಂಬಂಧಿಕರೇ?”

ಮುದುಕರು ದನಿ ಬಂದ ಕಡೆ ಮುಖ ತಿರುಗಿಸಿದರು. “ಇಲ್ಲಮ್ಮ. ಯಾರೂ ಅಲ್ಲ” ಎಂದರು. ಆಮೇಲೆ ಚಿತ್ರದ ಕಡೆ ಕೈ ತೋರಿಸಿದರು. ಆ ಕೈ ಸರಿಯಾಗಿ ಎಡದಿಂದ ಐದನೆಯವನಿಗೇ ಹೋಗಿತ್ತು.

“ಅವನನ್ನು ನೋಡೋಕೆ ಯಾರಾದರೂ ಬರಬೇಕಲ್ಲ.”